ಚಾರ್ಟಿನಲ್ಲಿಲ್ಲದ ಓಟ

ಬಸ್ ಡಿಪೋದಲ್ಲಿ ಎದುರಿಗೆ ಸಿಕ್ಕಾಗ ಎಲ್ಲರೂ ಅವನನ್ನು ಸಾರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಚಾರ್ಟಪ್ಪ ಎನ್ನುತ್ತಿದ್ದರು. ಯಾವ ಬಸ್ಸನ್ನು ಯಾವ ಡ್ರೈವರು ಎಷ್ಟು ಹೊತ್ತಿಗೆ ತೆಗೆಯಬೇಕು, ಎಲ್ಲಿ ನಿಲ್ಲಿಸಿ ಟೀ ಕುಡಿಯಬೇಕು, ಯಾರಿಗೆ ಯಾವತ್ತು ರಜೆ ಎಂದು ವಾರವಾರವೂ ಡ್ಯೂಟಿ ಚಾರ್ಟು ಬರೆಯುವುದು ಅವನ ಕೆಲಸ. ಹಣೆಬರಹ ಬರೆದವನನ್ನು ಕಂಡವರು ಯಾರೂ ಇಲ್ಲ. ಈ ಹಣೆಬರಹ ಬರೆದವನು ಮಾತ್ರ ಕನ್ನಡಕವನ್ನು ಮೂಗಿಗೆ ಇಳಿಸಿಕೊಂಡು ಕಿಟಕಿಯ ಹಿಂದೆಯೇ ಕೂತಿರುತ್ತಿದ್ದುದರಿಂದ ಡ್ರೈವರುಗಳಿಗೆ ಬೈಯಲು ಬಹಳ ಅನುಕೂಲವಾಗಿತ್ತು. ಬೈಯುವವರೂ ಒಂದು ಮಾತು ಒಪ್ಪುತ್ತಿದ್ದರು: ಚಾರ್ಟಪ್ಪನ ಚಾರ್ಟಿನಲ್ಲಿ ತಪ್ಪು ಹುಡುಕುವುದೆಂದರೆ ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ.

ಇಂಥವನ ಮಗಳು ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಓದುತ್ತೇನೆ ಎಂದಾಗ ಅವನು ಮೊದಲು ಮಾಡಿದ್ದೇನೆಂದು ಬೇರೆ ಹೇಳಬೇಕಾಗಿಲ್ಲ. ದೊಡ್ಡ ಹಾಳೆ, ಮರದ ಸ್ಕೇಲು, ಬಣ್ಣದ ಪೆನ್ಸಿಲು ತಂದು ಅಡುಗೆಮನೆಯ ಮೇಜಿನ ಮುಂದೆ ಕೂತ. ಗಣಿತಕ್ಕೆ ಕೆಂಪು, ಭೌತಶಾಸ್ತ್ರಕ್ಕೆ ನೀಲಿ, ರಸಾಯನಶಾಸ್ತ್ರಕ್ಕೆ ಹಸಿರು. ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಅಪ್ಪ ಮಗಳು ಅಕ್ಕಪಕ್ಕ ಕೂತು ಮುಂದಿನ ವಾರದ ಓದಿನ ಚಾರ್ಟು ಬರೆಯುವುದು ಆ ಮನೆಯ ಪದ್ಧತಿಯಾಯಿತು.

"ಕಳೆದ ವಾರದ್ದು ಏನು ಬಾಕಿ?" ಎಂದು ಅವನು ಶುರು ಮಾಡುವನು.

"ರೊಟೇಷನಲ್ ಮೋಷನ್ ಅರ್ಧ ಆಗಿದೆ ಅಪ್ಪ. ಲೆಕ್ಕಗಳು ಹಾಗೇ ಇವೆ."

"ಅರ್ಧ ದಾರೀಲಿ ಬಸ್ಸು ನಿಲ್ಸಿ ಇಳಿದು ಹೋದ್ರೆ ಪ್ಯಾಸೆಂಜರು ಸುಮ್ನಿರ್ತಾರಾ? ತಗೋ, ಮಂಗಳವಾರಕ್ಕೆ ಹಾಕ್ದೆ."

ಮಗಳು ನಗುವಳು. ಅವನು ಸ್ಕೇಲು ಇಟ್ಟು ಗೆರೆ ಎಳೆಯುವನು. ಶನಿವಾರ ಸಂಜೆಯನ್ನು ಮಾತ್ರ ಖಾಲಿ ಬಿಡುತ್ತಿದ್ದ. ಡಿಪೋದಲ್ಲಿ ಯಾರಾದರೂ ಕೈಕೊಟ್ಟರೆ ಇರಲಿ ಎಂದು ಒಬ್ಬ ಸ್ಪೇರ್ ಡ್ರೈವರನ್ನು ಸುಮ್ಮನೆ ಕೂರಿಸಿರುತ್ತಾರೆ. ಅದೇ ಲೆಕ್ಕ, ವಾರದಲ್ಲಿ ಉಳಿದುಬಿದ್ದದ್ದೆಲ್ಲ ಆ ಸಂಜೆಗೆ.

ಎಂಜಿನಿಯರಾಗುವ ಆಸೆ ಅಪ್ಪನದಲ್ಲ, ಹುಡುಗಿಯದೇ. ಚಿಕ್ಕವಳಿದ್ದಾಗ ಡಿಪೋದ ವರ್ಕ್‌ಶಾಪಿಗೆ ಕರೆದುಕೊಂಡು ಹೋದರೆ, ಬೇರೆ ಮಕ್ಕಳು ಸ್ಟಿಯರಿಂಗ್ ಹಿಡಿಯುತ್ತೇವೆಂದು ಹಟ ಮಾಡುವಾಗ ಇವಳು ಬಿಚ್ಚಿಟ್ಟ ಗೇರ್‌ಬಾಕ್ಸಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹಲ್ಲಿಗೆ ಹಲ್ಲು ಸೇರುವುದನ್ನು ನೋಡುತ್ತಿದ್ದಳು. ಚಿಕ್ಕ ಚಕ್ರ ಇಷ್ಟು ಸಲ ತಿರುಗಿದರೂ ದೊಡ್ಡದು ಯಾಕೆ ಒಂದೇ ಸಲ ತಿರುಗುತ್ತದೆ ಎಂದು ಹೆಡ್ ಮೆಕ್ಯಾನಿಕನ ತಲೆ ತಿಂದಿದ್ದಳು. ಕೊನೆಗೆ ಅವನೇ "ಇವಳನ್ನ ನನಗೆ ಬಿಟ್ಟುಹೋಗಿ ಸಾರ್" ಎಂದಿದ್ದ. ಯಂತ್ರವಿದ್ಯೆಯನ್ನು ಚೆನ್ನಾಗಿ ಕಲಿಸುವ ಕಾಲೇಜು ಇದ್ದದ್ದು ದೂರದ ನಗರದಲ್ಲಿ, ಬಸ್ಸಿನಲ್ಲಿ ಹೋದರೆ ಒಂದು ಹಗಲು ಪೂರ್ತಿ ಬೇಕು. ಹತ್ತಿರದ ಕಾಲೇಜೆಂದರೂ ಅರ್ಧ ದಿನದ ದಾರಿ. ಎಲ್ಲಿಗೆ ಹೋದರೂ ಹಾಸ್ಟೆಲ್ಲೇ ಗತಿ. ಸೀಟು ಬೆರಳೆಣಿಕೆಯಷ್ಟು, ಪರೀಕ್ಷೆಗೆ ಕೂರುವವರು ಬಾಗಿಲಲ್ಲಿ ನೇತಾಡುವಷ್ಟು ಜನ.

ಆ ಮನೆಯಲ್ಲಿದ್ದದ್ದು ಮೂರೇ ಜೀವ. ಚಾರ್ಟಪ್ಪನ ಹೆಂಡತಿ ತೀರಿಕೊಂಡು ಎರಡನೆಯ ವರ್ಷ ನಡೆಯುತ್ತಿತ್ತು. ಒಳಕೋಣೆಯ ಮಂಚದ ಮೇಲೆ ಅವನ ತಾಯಿ. ಲಕ್ವ ಹೊಡೆದು ಅವಳ ಎಡಗೈ ಎಡಗಾಲು ಬಿದ್ದುಹೋಗಿದ್ದವು, ನಾಲಿಗೆ ಮಾತ್ರ ಯಾವ ಲಕ್ವಕ್ಕೂ ಬಗ್ಗಿರಲಿಲ್ಲ. ಸೊಸೆ ಇರುವ ತನಕ ಸೊಸೆಯೇ ನೋಡಿಕೊಂಡಳು. ಆಮೇಲೆ ಸಂಬಳಕ್ಕೆ ಒಬ್ಬ ಹೆಂಗಸನ್ನು ಗೊತ್ತು ಮಾಡಿದರು, ಮುದುಕಿಯ ಬಾಯಿಗೆ ಹೆದರಿ ಅವಳು ವಾರದೊಳಗೆ ಓಟ ಕಿತ್ತಳು. ಇನ್ನೊಬ್ಬಳು ಬಂದಳು, ಹೇಳದೇ ಕೇಳದೇ ಅವಳೂ ಬಿಟ್ಟಳು. ಆಮೇಲೆ ಆ ಕೆಲಸ ಮೊಮ್ಮಗಳ ಕೈಗೆ ಬಂತು. ಬಾ ಎಂದು ಯಾರೂ ಕರೆಯಲಿಲ್ಲ, ಮಾಡು ಎಂದು ಯಾರೂ ಹೇಳಲಿಲ್ಲ. ತಗ್ಗಿದ್ದ ಕಡೆಗೆ ನೀರು ಹರಿಯಿತು, ಅಷ್ಟೆ.

ಮೊದಲ ಬಸ್ಸು ಹೊರಡುವ ಮುಂಚೆಯೇ ಚಾರ್ಟಪ್ಪ ಡಿಪೋದಲ್ಲಿರಬೇಕು. ಮನೆ ಏಳುವ ಮೊದಲು ಹೋಗಿ, ಸಂಜೆ ಬಂದು, ಒಳಕೋಣೆಯ ಬಾಗಿಲಲ್ಲಿ ನಿಂತು "ಊಟ ಆಯ್ತೇನಮ್ಮ?" ಎಂದು ಕೇಳುತ್ತಿದ್ದ. ಮಂಚದ ಹಾಸು ಶುಭ್ರವಾಗಿರುತ್ತಿತ್ತು, ತಾಯಿಯ ತಲೆ ಬಾಚಿರುತ್ತಿತ್ತು. ಭಾನುವಾರವೂ ಅವನು ಏಳುವ ಹೊತ್ತಿಗೆ ಅದೆಲ್ಲ ಮುಗಿದಿರುತ್ತಿತ್ತು. ಶುಭ್ರವಾಗಿದ್ದದ್ದನ್ನು ನೋಡಿ ಯಾರು ತೊಳೆದರು ಎಂದು ಕೇಳುವವರು ಈ ಲೋಕದಲ್ಲಿ ಕಡಿಮೆ. ಹೆಂಡತಿ ಹೋದ ಮೇಲೆ ಅವನ ಮಾತೂ ಹೋಗಿತ್ತು. ಊಟ ಮಾಡುವುದು, ಟೀವಿಯಲ್ಲಿ ಸುದ್ದಿ ನೋಡುವುದು, ಗೋಡೆಯ ಕಡೆ ತಿರುಗಿ ಮಲಗುವುದು. ಬಾಯಿ ಬಿಡುತ್ತಿದ್ದದ್ದು ಭಾನುವಾರ ಆ ಮೇಜಿನ ಮುಂದೆ ಮಾತ್ರ.

ಹೀಗಿರುವಾಗ ಹುಡುಗಿಯ ಅಂಕ ಇಳಿಯತೊಡಗಿತು. ಕೋಚಿಂಗ್ ಕ್ಲಾಸಿನವರು ಆಗಾಗ ಮಾದರಿ ಪರೀಕ್ಷೆ ಇಡುತ್ತಿದ್ದರು. ಮೊದಮೊದಲು ಮೇಲಿನ ಸಾಲಿನಲ್ಲಿದ್ದವಳು ನಡುವಿಗೆ ಬಂದಳು, ನಡುವಿನಿಂದ ಕೆಳಗೆ ಜಾರಿದಳು.

"ಚಾರ್ಟ್ ಪ್ರಕಾರ ಓದಿದ್ದೀಯ?" ಎಂದ ಚಾರ್ಟಪ್ಪ.

"ಓದಿದ್ದೀನಿ."

"ಎಲ್ಲಾ ಮನೆಗೂ ಟಿಕ್ ಬಿದ್ದಿದೆ. ಹಾಗಾದ್ರೆ ಮಾರ್ಕ್ಸ್ ಎಲ್ಲಿ ಹೋಯ್ತು? ಗಾಳೀಲಿ ಹಾರಿಹೋಯ್ತಾ?"

"ಗೊತ್ತಿಲ್ಲಪ್ಪ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. ಚಾರ್ಟು ಸರಿಯಾಗಿದೆ, ಆದ್ದರಿಂದ ತಪ್ಪು ಓಡಿಸುವವರದು. ಆ ಭಾನುವಾರ ಬೆಳಗಿನ ಗಣಿತವನ್ನು ಇನ್ನಷ್ಟು ಹಿಂದಕ್ಕೆ, ಕತ್ತಲೆಯ ಕಡೆಗೆ ಎಳೆದ. ಖಾಲಿಯಿದ್ದ ಶನಿವಾರ ಸಂಜೆಗೂ ನೀಲಿ ಬಳಿದ. ಮಗಳು ನೋಡಿದಳು, "ಆಯ್ತಪ್ಪ" ಎಂದಳು. ಮುಂದಿನ ಪರೀಕ್ಷೆಯಲ್ಲಿ ಅಂಕ ಇನ್ನೂ ಇಳಿಯಿತು.

ಒಂದು ಬಸ್ಸು ದಿನಾ ತಡವಾಗಿ ಓಡುತ್ತಿದ್ದರೆ ಡಿಪೋದಲ್ಲಿ ಅದಕ್ಕೊಂದು ಉಪಾಯವಿದೆ. ಡ್ರೈವರಿಗೆ ಮೊದಲೇ ಹೇಳದೆ ತಪಾಸಣೆಯವನೊಬ್ಬ ಮೊದಲ ಟ್ರಿಪ್ಪಿಗೇ ಹತ್ತಿ ಕೂರುತ್ತಾನೆ. ಇಡೀ ದಿನ ಅದೇ ಬಸ್ಸಿನಲ್ಲಿ ಸುತ್ತಿ, ಹೊತ್ತು ಎಲ್ಲಿ ಸೋರುತ್ತಿದೆ ಎಂದು ನೋಡುತ್ತಾನೆ. ಚಾರ್ಟಪ್ಪ ತನ್ನ ಮನೆಗೂ ಅದೇ ಮದ್ದು ಅರೆದ. ಮಗಳು ಫೋನು ಹಿಡಿದು ಕೂರುತ್ತಾಳೆ ಎಂದು ಅವನ ಗುಮಾನಿ. ವಾರದ ನಡುವೆ ಒಂದು ದಿನ ರಜೆ ಹಾಕಿ, ಯಾರಿಗೂ ತಿಳಿಸದೆ, ಇನ್ನೂ ಕತ್ತಲಿರುವಾಗಲೇ ಹಜಾರದ ಕುರ್ಚಿಯಲ್ಲಿ ಬಂದು ಕೂತ.

ಮಗಳು ಎದ್ದು ಬಂದವಳು ಅಪ್ಪನನ್ನು ನೋಡಿ ಬೆಚ್ಚಿದಳು. "ಡ್ಯೂಟಿ ಇಲ್ವಾ ಅಪ್ಪ?"

"ರಜೆ ಹಾಕಿದ್ದೀನಿ. ನಿನ್ನ ಪಾಡಿಗೆ ನೀನು ಓದ್ಕೋ, ನನ್ನನ್ನ ಲೆಕ್ಕಕ್ಕೆ ಇಟ್ಕೋಬೇಡ."

ಅವಳು ಒಲೆಯ ಮೇಲೆ ನೀರಿಟ್ಟು ಒಳಕೋಣೆಗೆ ಹೋದಳು. "ಈ ಕಡೆ ತಿರುಗು ಅಜ್ಜಿ. ನನ್ನ ಕುತ್ತಿಗೆ ಹಿಡ್ಕೋ. ಹಾಂ, ಹಾಗೆ" ಎಂಬ ದನಿ ಕೇಳಿಸಿತು. ಮಂಚ ಕಿರುಗುಟ್ಟಿತು. ಸ್ವಲ್ಪ ಹೊತ್ತಿಗೆ ಮುದುಡಿದ ಹಾಸಿನ ಬಟ್ಟೆಯನ್ನು ಎದೆಗವಚಿಕೊಂಡು, ಅಪ್ಪನಿಗೆ ಕಾಣಿಸದ ಹಾಗೆ ಗೋಡೆಯ ಪಕ್ಕದಿಂದಲೇ ಹಿತ್ತಲಿಗೆ ನಡೆದಳು. ಮುಚ್ಚಿಟ್ಟರೆ ವಾಸನೆ ಮುಚ್ಚಿಹೋಗುತ್ತದೆಯೇ? ಬಟ್ಟೆ ಹಿಂಡುವ ಸದ್ದು, ನಲ್ಲಿಯ ಸದ್ದು, ಮತ್ತೆ ಬಕೆಟ್ಟಿನ ಸದ್ದು. ಆಮೇಲೆ ಅಜ್ಜಿಯನ್ನು ತಬ್ಬಿ ಎತ್ತಿ ಗಾಲಿಕುರ್ಚಿಗೆ ಇಳಿಸಿದಳು. ಬಚ್ಚಲುಮನೆಯ ಹೊಸ್ತಿಲಿಗೆ ಬಂದಾಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಮೊಣಕಾಲಿನಿಂದ ಒಂದು ನೂಕು ಕೊಟ್ಟು, ಚಕ್ರವನ್ನು ಎಗರಿಸಿದಳು. ಅದು ಒಂದೆರಡು ದಿನದಲ್ಲಿ ಬರುವ ಕೈಚಳಕವಲ್ಲ.

ಸ್ನಾನ, ಬಟ್ಟೆ, ತಲೆ ಬಾಚುವುದು, ಮಾತ್ರೆ. ಗಂಜಿ ಕುಡಿಸುವ ಹೊತ್ತಿಗೆ ಚಾರ್ಟಿನ ಪ್ರಕಾರ ಗಣಿತದ ಕೆಂಪು ಮನೆ ಅರ್ಧ ಕಳೆದಿತ್ತು. ಹುಡುಗಿ ಅಜ್ಜಿಯ ಕಾಲ ಬಳಿ ಪುಸ್ತಕ ತೆರೆದಿಟ್ಟುಕೊಂಡು, ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಪೆನ್ಸಿಲು ಹಿಡಿದಿದ್ದಳು.

"ಅದೇನು ಕೂಸೇ ಹುಳುಹುಳು ಬರೀತೀಯ? ಗಂಜಿ ಮೂಗಿಗೆ ಬಂತು" ಎಂದಳು ಅಜ್ಜಿ.

"ಇಂಟಿಗ್ರೇಷನ್ ಅಜ್ಜಿ."

"ಅದನ್ನ ಮಾಡಿದ್ರೆ ಹೊಟ್ಟೆ ತುಂಬುತ್ತಾ?"

"ನಿನ್ನದು ತುಂಬಲಿ ಮೊದಲು. ಬಾಯಿ ತೆಗಿ."

ಗಂಜಿ ಮುಗಿದ ಮೇಲೆ ಬಿದ್ದ ಕಾಲಿಗೆ ಎಣ್ಣೆ ತಿಕ್ಕಬೇಕಿತ್ತು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕಿತ್ತು, ಮಧ್ಯಾಹ್ನದ ಅಡುಗೆಗೆ ಇಡಬೇಕಿತ್ತು. ಅಷ್ಟರಲ್ಲಿ ಕೆಂಪು ಮನೆ ಮುಗಿಯಿತು. ಅವಳು ಗೋಡೆಗೆ ಅಂಟಿಸಿದ್ದ ಚಾರ್ಟಿನ ಬಳಿ ಬಂದು ಅದಕ್ಕೊಂದು ಟಿಕ್ ಹಾಕಿ, ಚೀಲ ಹೆಗಲಿಗೇರಿಸಿ ಕ್ಲಾಸಿಗೆ ಹೊರಟಳು. ಆ ಹೊತ್ತಿನಲ್ಲಿ ಪುಸ್ತಕ ತೆರೆದಿದ್ದದ್ದು ನಿಜ. ಟಿಕ್ಕನ್ನು ಪೂರ್ತಿ ಸುಳ್ಳೆನ್ನುವ ಹಾಗೂ ಇರಲಿಲ್ಲ.

ಚಾರ್ಟಪ್ಪ ಕುರ್ಚಿಯಿಂದ ಏಳಲಿಲ್ಲ. ಪ್ರತಿ ಬಸ್ಸಿಗೂ ಪ್ರಯಾಣಿಕರ ಕಣ್ಣಿಗೆ ಬೀಳದ ಒಂದು ಓಟ ಇರುತ್ತದೆ. ಡಿಪೋದಿಂದ ಮೊದಲ ಸ್ಟಾಪಿಗೆ ಖಾಲಿ ಹೋಗುವುದು, ಕೊನೆಯ ಸ್ಟಾಪಿನಿಂದ ಡಿಪೋಗೆ ಖಾಲಿ ಬರುವುದು. ಬೋರ್ಡಿಲ್ಲ, ಟಿಕೆಟಿಲ್ಲ, ಹತ್ತುವವರಿಲ್ಲ. ಆದರೂ ಡೀಸೆಲು ಉರಿಯುತ್ತದೆ, ಡ್ರೈವರು ದಣಿಯುತ್ತಾನೆ, ಹೊತ್ತು ಹೋಗುತ್ತದೆ. ಡೆಡ್ ಟ್ರಿಪ್ ಎನ್ನುತ್ತಾರೆ ಅದಕ್ಕೆ. ಹೊಸ ಗುಮಾಸ್ತರು ಚಾರ್ಟಿನಲ್ಲಿ ಅದನ್ನು ಸೇರಿಸಲು ಮರೆತರೆ "ಬಸ್ಸೇನು ಆಕಾಶದಿಂದ ಉದುರುತ್ತೇನ್ರಯ್ಯಾ?" ಎಂದು ಹಾಳೆಯನ್ನು ಹರಿದು ಮುಖಕ್ಕೆ ಎಸೆಯುತ್ತಿದ್ದವನು ಇವನೇ. ಊರಿನ ಅಷ್ಟೂ ಡ್ರೈವರುಗಳ ಖಾಲಿ ಓಟಕ್ಕೆ ಲೆಕ್ಕವಿಟ್ಟವನು ಸ್ವಂತ ಮಗಳ ಓಟಕ್ಕೆ ಲೆಕ್ಕ ಇಟ್ಟಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಎಷ್ಟೋ ಜನರ ಬಗ್ಗೆ ಆಡಿಕೊಂಡಿದ್ದ. ಈಗ ಆ ಮಾತು ತನಗೇ ಬಂದು ತಾಗಿ, ಅವನಿಗೆ ಬಹಳ ನಾಚಿಕೆಯಾಯಿತು.

ಭಾನುವಾರ ಬಂತು. ಅವನು ಹೊಸ ಹಾಳೆ ಹಾಸಿ, ಈ ಸಲ ಕಪ್ಪು ಪೆನ್ಸಿಲು ಎತ್ತಿಕೊಂಡು ಮೊದಲು ಅಜ್ಜಿಯ ಕೆಲಸಗಳನ್ನೆಲ್ಲ ತುಂಬಿದ. ಕಪ್ಪು ತುಂಬಿದ ಮೇಲೆ ಕೆಂಪಿಗೂ ನೀಲಿಗೂ ಉಳಿದದ್ದು ಅಲ್ಲಲ್ಲಿ ಒಂದು ಸಂದಿ.

"ಇದರಲ್ಲಿ ಬೆಳಗಿನದೆಲ್ಲ ಇನ್ಮೇಲೆ ನಂದು. ನೀನು ಓದ್ಕೋ" ಎಂದ.

ಮಗಳು ಹಾಳೆಯನ್ನು ನೋಡುತ್ತಾ ಕೂತಳು. "ಚಾರ್ಟ್ ಬೇಡ ಬಿಡಿ ಅಪ್ಪ" ಎಂದಳು.

"ಯಾಕೆ?"

"ನಾನು ಪರೀಕ್ಷೆ ಬರೀತಿಲ್ಲ. ಫಾರ್ಮೇ ತುಂಬಿಲ್ಲ."

"ತುಂಬ್ದೆ ಅಂದಿದ್ಯಲ್ಲ?"

"ಸುಳ್ಳು ಹೇಳ್ದೆ."

ಫಾರ್ಮು ತುಂಬಲು ಮುಂದಿನ ಭಾನುವಾರವೇ ಕೊನೆಯ ದಿನ. ಬೇರೆ ದಿನವಾಗಿದ್ದರೆ ಚಾರ್ಟಪ್ಪ ಮನೆಯ ಹೆಂಚು ಹಾರಿಹೋಗುವಂತೆ ಕೂಗಾಡುತ್ತಿದ್ದನೋ ಏನೋ. ಇವತ್ತು ದನಿ ಏಳಲಿಲ್ಲ. "ಫೇಲಾಗ್ತೀನಿ ಅಂತ ಹೆದರಿಕೆಯಾ?" ಎಂದು ಮೆಲ್ಲಗೆ ಕೇಳಿದ.

"ಫೇಲಾದ್ರೆ ಏನು ಕಷ್ಟ ಅಪ್ಪ? ಪಾಸಾದ್ರೆ? ಪಾಸಾದ್ರೆ ಹಾಸ್ಟೆಲ್ಲಿಗೆ ಹೋಗ್ಬೇಕು. ಆಮೇಲೆ ಅಜ್ಜಿಗೆ ಸ್ನಾನ ಯಾರು ಮಾಡಿಸ್ತಾರೆ?"

ಅವನು ಹಾಳೆಯ ಕಪ್ಪು ಮನೆಗಳ ಕಡೆ ನೋಡಿದ. "ಹಾಗಿದ್ಮೇಲೆ ವಾರವಾರ ನನ್ನ ಜೊತೆ ಕೂತು ಚಾರ್ಟ್ ಯಾಕೆ ಬರೆಸ್ತಿದ್ದೆ?" ಎಂದ.

ಹುಡುಗಿ ಪೆನ್ಸಿಲನ್ನು ಮೇಜಿನ ಮೇಲೆ ಅತ್ತಿತ್ತ ಉರುಳಿಸಿದಳು. "ಅಮ್ಮ ಹೋದ್ಮೇಲೆ ನೀವು ನನ್ನ ಪಕ್ಕ ಕೂತು ಮಾತಾಡೋದು ಭಾನುವಾರ ಮಾತ್ರ ಅಪ್ಪ. ಚಾರ್ಟ್ ಬೇಡ ಅಂದ್ರೆ ಅದೂ ಇರ್ತಿರ್ಲಿಲ್ಲ."

ಚಾರ್ಟಪ್ಪ ಎದ್ದುಹೋಗಿ ಒಂದು ಲೋಟ ನೀರು ಕುಡಿದ. ಹಾಗೇ ಹೊರಗೆ ಹೋಗಿಬಿಡಬೇಕೆನಿಸಿತು, ಹೋಗಲಿಲ್ಲ. ಬಂದು ಮತ್ತೆ ಅದೇ ಕುರ್ಚಿಯಲ್ಲಿ ಮಗಳ ಪಕ್ಕವೇ ಕೂತ.

"ಫಾರ್ಮ್ ತುಂಬು ಮಗು. ಅಜ್ಜಿ ವಿಷಯ ನಂಗೆ ಬಿಡು."

"ಅಜ್ಜಿ ಒಪ್ಪಲ್ಲ ಅಪ್ಪ."

"ಯಾಕೆ ಒಪ್ಪಲ್ಲ? ನನ್ನ ಹೆತ್ತ ತಾಯಿ ಅವಳು."

"ಅದಕ್ಕೇ ಒಪ್ಪಲ್ಲ." ಅವಳು ಕಣ್ಣೊರೆಸಿಕೊಂಡಳು. "ಅಜ್ಜಿ ಒಪ್ಪಿದ್ರೆ ತುಂಬ್ತೀನಿ. ಇಲ್ದಿದ್ರೆ ಇಲ್ಲ."

ಮಗಳದೂ ಮೂರೇ ಕಾಲಿನ ಮೊಲ. ಎಲ್ಲಿಂದ ಬಂತೆಂದು ಕೇಳುವ ಹಾಗಿರಲಿಲ್ಲ.

ಮಾರನೆಯ ದಿನ ಅವನು ಡಿಪೋ ಮ್ಯಾನೇಜರನ ಮುಂದೆ ನಿಂತು, ತನಗೆ ಮಧ್ಯಾಹ್ನದ ಪಾಳಿ ಬೇಕೆಂದ. ಮ್ಯಾನೇಜರನಿಗೆ ನಂಬಿಕೆಯಾಗಲಿಲ್ಲ. "ಮೊದಲ ಬಸ್ಸು ನನ್ನ ಕೈಯಿಂದ್ಲೇ ಹೊರಡ್ಬೇಕು ಅಂತ ಇಷ್ಟು ವರ್ಷ ಹಟ ಹಿಡಿದೋರು ನೀವೇ ಅಲ್ವೇನ್ರೀ? ಈಗೇನಾಯ್ತು?"

"ಬೆಳಿಗ್ಗೆ ಅಮ್ಮನಿಗೆ ಸ್ನಾನ ಮಾಡಿಸ್ಬೇಕು ಸಾರ್."

ಮ್ಯಾನೇಜರು ತಮಾಷೆಯೆಂದುಕೊಂಡು ನಗಲು ಬಾಯಿ ತೆರೆದ. ಚಾರ್ಟಪ್ಪನ ಮುಖ ನೋಡಿ ಬಾಯಿ ಮುಚ್ಚಿ ಸಹಿ ಹಾಕಿದ.

ಪಾಳಿ ಬದಲಾಯಿಸುವುದು ಸುಲಭವಾಗಿತ್ತು. ಮಂಗಳವಾರ ಬೆಳಿಗ್ಗೆ ತೋಳು ಮಡಚಿ, ಬಕೆಟ್ಟು ಹಿಡಿದು ಒಳಕೋಣೆಗೆ ಹೋದ.

"ಕೂಸೆಲ್ಲಿ?" ಎಂದಳು ತಾಯಿ.

"ಓದ್ತಾ ಇದ್ದಾಳೆ. ಇವತ್ತಿಂದ ಸ್ನಾನ ನಾನು ಮಾಡಿಸ್ತೀನಮ್ಮ."

ತಾಯಿ ಮೊದಲು ನಕ್ಕಳು. ನಿಜವೆಂದು ತಿಳಿದ ಕೂಡಲೇ ಸರಿಯಿದ್ದ ಕೈಯಿಂದ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು. "ಹೊರಗೆ ಹೋಗು."

"ಅಮ್ಮ, ಒಂದು ನಿಮಿಷ..."

"ಹೆತ್ತ ಮಗನ ಮುಂದೆ ಬೆತ್ತಲೆ ಕೂತು ನೀರು ಹುಯ್ಯಿಸ್ಕೊಳ್ಳೋಕೆ ನಾನಿನ್ನೂ ಹೆಣ ಆಗಿಲ್ಲ. ಹೆಣ ಆದ್ಮೇಲೆ ನಾಲ್ಕು ಜನರನ್ನ ಕರ್ಕೊಂಡು ಬಂದು ತೊಳಿ, ಬೇಡ ಅನ್ನಲ್ಲ. ಈಗ ಹೋಗು."

ಅವನು ಬಕೆಟ್ಟು ಎತ್ತಿಕೊಂಡು ಹೊರಬಂದ. ಮಗಳು ಆಗಲೇ ಎದ್ದು ನಿಂತಿದ್ದಳು. "ಕೂತ್ಕೋ" ಎಂದ ಅವನು. ಅವಳು ಕೂತಳು, ಆದರೆ ಪುಸ್ತಕದ ಹಾಳೆ ಮಗುಚಲಿಲ್ಲ.

ಅಲ್ಲಿಂದ ಆ ಮನೆಯಲ್ಲಿ ಜಗಮೊಂಡಿಗಳಿಬ್ಬರ ಜಗ್ಗಾಟ ನಡೆಯಿತು. ಗಂಜಿಯನ್ನು ಮಗನ ಕೈಯಲ್ಲಿ ಕುಡಿಯಲು ಮುದುಕಿ ಒಪ್ಪಿದಳು, "ಚಮಚ ಬಾಯಿಗೆ ಹಾಕು, ಕಿವಿಗಲ್ಲ" ಎಂದು ಬೈಯುತ್ತಲೇ. ಕಾಲಿಗೆ ಎಣ್ಣೆ ತಿಕ್ಕಲು ಬಿಟ್ಟಳು, ಅದೂ ಮೊಣಕಾಲಿನವರೆಗೆ. ತೀರಾ ಅಗತ್ಯಕ್ಕೆ ಮಾತ್ರ ಮೊಮ್ಮಗಳನ್ನು ಕೂಗುತ್ತಿದ್ದಳು. ಸ್ನಾನವೆಂದ ಕೂಡಲೇ ಗೋಡೆಯ ಕಡೆ ಮುಖ. ಕೋಣೆಯಲ್ಲಿ ವಾಸನೆ ಶುರುವಾಯಿತು. ತಾಯಿಯ ತಲೆಗೂದಲು ಜಿಡ್ಡುಗಟ್ಟಿದ್ದನ್ನು ನೋಡಿ ಚಾರ್ಟಪ್ಪನಿಗೆ, ನಾನೇನು ಮಗನೋ ಶತ್ರುವೋ, ಎನಿಸುತ್ತಿತ್ತು.

ಶುಕ್ರವಾರ ಹುಡುಗಿ ಅಳುತ್ತಾ ಬಂದಳು. "ಬಿಟ್ಬಿಡಿ ಅಪ್ಪ. ಅಜ್ಜಿನ ಗೋಳು ಹೊಯ್ಕೋಬೇಡಿ. ನನಗೆ ಯಾವ ಕಾಲೇಜೂ ಬೇಡ."

"ಬೇಕು ನಿನಗೆ" ಎಂದ ಅವನು. "ಗೇರ್‌ಬಾಕ್ಸಿನ ಮುಂದೆ ಕೂತ ಮಗೂನ ನಾನು ನೋಡಿಲ್ವಾ?"

ಶನಿವಾರ ಬೆಳಿಗ್ಗೆ ಅವನು ಬಕೆಟ್ಟಿಲ್ಲದೆ ಬರಿಗೈಯಲ್ಲಿ ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತ. ತಾಯಿ ಗೋಡೆಯ ಕಡೆ ತಿರುಗಿದ್ದಳು.

"ಅಮ್ಮ, ಅವಳು ಪರೀಕ್ಷೆ ಬರಿಯಲ್ಲವಂತೆ."

"ಯಾಕಂತೆ? ಹೊತ್ತು ಮೂಡಿದ್ರೆ ಅದೇನೋ ಗೀಚ್ತಾನೇ ಇರ್ತಾಳಲ್ಲ."

"ಪಾಸಾದ್ರೆ ನಿನ್ನನ್ನ ಬಿಟ್ಟು ಹೋಗ್ಬೇಕಾಗುತ್ತಲ್ಲ, ಅದಕ್ಕೆ."

ಈ ಸಂಗತಿಯನ್ನು ಮುದುಕಿಗೆ ಯಾರೂ ಹೇಳಿರಲಿಲ್ಲ. "ಎಲ್ಲಾ ನನ್ನ ತಲೆ ಮೇಲೆ ಹಾಕು" ಎಂದಳು, ಆದರೆ ಮಾತಿನಲ್ಲಿ ಮೊದಲಿನ ಖಾರವಿರಲಿಲ್ಲ.

"ನಿನ್ನ ತಲೆ ಮೇಲಲ್ಲಮ್ಮ, ನನ್ನ ತಲೆ ಮೇಲೆ. ನಿನ್ನನ್ನ ನೋಡ್ಕೋಬೇಕಾದೋನು ನಾನು. ಮೊದಲು ಅವಳಮ್ಮನ ಮೇಲೆ ಬಿಟ್ಟೆ. ಆಮೇಲೆ ಅವಳ ಮೇಲೆ ಬಿಟ್ಟೆ. ಬಿಡೋಕೆ ಇನ್ಯಾರೂ ಉಳಿದಿಲ್ಲ."

"ಅವಳಮ್ಮ ಒಂದು ದಿನ ಮುಖ ಸಿಂಡರಿಸಲಿಲ್ಲ ಕಣೋ" ಎಂದಳು ತಾಯಿ ಗೋಡೆಗೆ. "ಜ್ವರದಲ್ಲೂ ನನ್ನ ತಲೆ ತೊಳೆದ್ಲು. ನಾನು ಅವಳಿಗೆ ಒಂದು ಒಳ್ಳೇ ಮಾತೂ ಆಡಲಿಲ್ಲ."

ಪಕ್ಕದ ಕೋಣೆಯಲ್ಲಿ ಹುಡುಗಿ ಪೆನ್ಸಿಲು ಚೂಪು ಮಾಡುವ ಸದ್ದು ಕೇಳುತ್ತಿತ್ತು.

"ನಾಳೆ ನೀರು ಕಾಯಿಸು" ಎಂದಳು ತಾಯಿ ಕೊನೆಗೆ. "ಆದ್ರೆ ನೀನು ಕಣ್ಣು ಕಟ್ಕೋಬೇಕು."

ಭಾನುವಾರ ಮೇಜಿನ ಮೇಲೆ ಚಾರ್ಟಿನ ಹಾಳೆ ಹಾಸಲಿಲ್ಲ. ಚಾರ್ಟಪ್ಪ ತಾಯಿಯನ್ನು ಎತ್ತಿ ಗಾಲಿಕುರ್ಚಿಗೆ ಕೂರಿಸಿದ. ಹೊಸ್ತಿಲು ದಾಟಿಸುವ ವಿದ್ಯೆ ಗೊತ್ತಿಲ್ಲದೆ ಎರಡು ಸಲ ಗುದ್ದಿದ. "ಸೊಂಟ ಮುರೀಬೇಡ ಮಾರಾಯ, ಅದೊಂದು ನೆಟ್ಟಗಿದೆ" ಎಂದಳು ಅವಳು. ಮಗಳು ಓಡಿಬಂದು ಕುರ್ಚಿ ಹೇಗೆ ವಾಲಿಸಬೇಕೆಂದು ತೋರಿಸಿ, ಬಾಗಿಲು ಮುಚ್ಚಿಕೊಂಡು ಹೊರಗೇ ನಿಂತಳು.

"ಬಾಗಿಲ ಹತ್ರ ಯಾಕೆ ನಿಂತಿದ್ದೀಯ ಕೂಸೇ? ಹೋಗಿ ನಿನ್ನ ಕೆಲಸ ನೋಡು" ಎಂದು ಅಜ್ಜಿ ಒಳಗಿನಿಂದ ಕೂಗಿದಳು. ಹೆಜ್ಜೆಗಳು ದೂರವಾದ ಮೇಲೆ ಮಗನ ಕಡೆ ತಿರುಗಿ, "ಕಟ್ಕೋ" ಎಂದಳು.

ಅವನು ಟವೆಲ್ಲನ್ನು ಕಣ್ಣಿಗೆ ಸುತ್ತಿ ಹಿಂದೆ ಗಂಟು ಹಾಕಿಕೊಂಡ. ಅವಳು ಒಂದೇ ಕೈಯಲ್ಲಿ ಅಂಗಿಯ ಗುಂಡಿ ಬಿಚ್ಚುವುದನ್ನು ಕಿವಿಯಿಂದ ಕೇಳಿದ. ತೋಳು ತೆಗೆಯಲು ನೆರವಾದ. ಮೊದಲ ಮಗ್ ನೀರು ಎಲ್ಲಿ ಬಿತ್ತೋ, "ಅದು ಗೋಡೆ" ಎಂದಳು. ಎರಡನೆಯದಕ್ಕೆ ಮಗ್ಗೇ ತಾಗಿ, "ಅದು ನನ್ನ ತಲೆ, ಬಾಗಿಲಲ್ಲ" ಎಂದಳು. ಸೋಪು ಕೈಜಾರಿತು. ಅವನು ನೆಲದ ಮೇಲೆ ಕೈಯಾಡಿಸುತ್ತಾ ಹುಡುಕುವುದನ್ನು ನೋಡಿ ಆ ವಾರದಲ್ಲಿ ಮೊದಲ ಸಲ ಅವಳಿಗೆ ನಗು ಬಂತು.

ಆಮೇಲೆ ಅವನ ಕೈ ತಾಯಿಯ ಹೆಗಲಿಗೆ ಬಂತು. ಅಲ್ಲಿ ಮಾಂಸವೇ ಇರಲಿಲ್ಲ. ಅವನ ಮನಸ್ಸಿನಲ್ಲಿದ್ದ ತಾಯಿ ದಪ್ಪ ತೋಳಿನ ಹೆಂಗಸು, ಅವನನ್ನೂ ಸಾಮಾನಿನ ಚೀಲವನ್ನೂ ಒಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಿದ್ದವಳು. ಈ ಹೆಗಲು ಹಕ್ಕಿಯದಿರಬೇಕು. ಬೆನ್ನಿನ ಮೂಳೆಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು. ದಿನಾ ಬಾಗಿಲಲ್ಲಿ ನಿಂತು ಊಟ ಆಯ್ತೇ ಎಂದು ಕೇಳುತ್ತಿದ್ದವನಿಗೆ, ಇವಳು ಇಷ್ಟು ಕರಗಿದ್ದು ಗೊತ್ತೇ ಇರಲಿಲ್ಲ. ಟವೆಲ್ಲು ಒಳಗಿನಿಂದ ಒದ್ದೆಯಾಯಿತು. ಅವನು ಮೂಗು ಎಳೆದುಕೊಂಡದ್ದು ಅವಳಿಗೆ ಕೇಳಿಸಿತು.

ಅಷ್ಟರಲ್ಲಿ ಅವಳ ಎಡಭಾಗ ಸೋಪಿನ ನೀರಿಗೆ ಜಾರಿತು. ಕುರ್ಚಿಯಿಂದ ವಾಲುತ್ತಿದ್ದರೂ ಕಣ್ಣು ಕಟ್ಟಿಕೊಂಡವನಿಗೆ ತಿಳಿಯಲಿಲ್ಲ. ಅವಳು ಸರಿಯಿದ್ದ ಕೈಯನ್ನು ಚಾಚಿ ಅವನ ಅಂಗಿಯ ಕಾಲರು ಹಿಡಿದಳು. ಅವನು ಗಾಬರಿಯಲ್ಲಿ ಎರಡೂ ತೋಳಿನಿಂದ ತಬ್ಬಿ ಹಿಡಿದ. ಹಾಗೇ ಸ್ವಲ್ಪ ಹೊತ್ತು ಇಬ್ಬರೂ ಏದುಸಿರು ಬಿಟ್ಟರು. ಕಾಲರಿನಲ್ಲಿದ್ದ ಕೈ ಮೇಲೆ ಬಂತು, ಗಂಟಿಗಾಗಿ ತಡಕಾಡಿತು, ಟವೆಲ್ಲನ್ನು ಹಿಡಿದು ಕೆಳಗೆಳೆಯಿತು.

ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದ.

"ಕಣ್ಣು ಬಿಡೋ" ಎಂದಳು ತಾಯಿ. "ಬೀಳಿಸಿ ಸಾಯಿಸ್ತೀಯ. ಬಿಡು ಕಣ್ಣು."

ಅವನು ಕಣ್ಣು ಬಿಟ್ಟ. ತಾಯಿ ತಲೆ ತಗ್ಗಿಸಲಿಲ್ಲ. ನೀರಿಳಿಯುವ ಮುಖವೆತ್ತಿ ಅವನನ್ನೇ ನೇರವಾಗಿ ನೋಡುತ್ತಿದ್ದಳು. ನಾಚಿಕೆ ಇತ್ತು. ಅದನ್ನು ಹಲ್ಲು ಕಚ್ಚಿ ನುಂಗುತ್ತಿದ್ದದ್ದೂ ಕಾಣುತ್ತಿತ್ತು.

"ಏನು ನೋಡ್ತೀಯ? ಬೆನ್ನು ಉಜ್ಜು" ಎಂದಳು.

ಅವನು ಉಜ್ಜಿದ. ಹೊರಗಿನಿಂದ ಮಗಳ ದನಿ ಬಂತು. ಅಳುಕುತ್ತಾ, ಬಾಗಿಲಿನಿಂದ ದೂರ ನಿಂತೇ ಕೂಗುತ್ತಿದ್ದಳು. "ಅಪ್ಪಾ, ಫಾರ್ಮಲ್ಲಿ ಯಾವ್ಯಾವ ಕಾಲೇಜು ಬೇಕು ಅಂತ ಕೇಳ್ತಿದೆ. ಮೊದಲನೇದು ಯಾವುದು ಹಾಕ್ಲಿ? ಹತ್ರದ್ದಾ, ದೂರದ್ದಾ?"

ಚಾರ್ಟಪ್ಪ ಉಜ್ಜುವುದನ್ನು ನಿಲ್ಲಿಸಿ ತಾಯಿಯ ಮುಖ ನೋಡಿದ.

"ದೂರದ್ದೇ ಹಾಕು ಕೂಸೇ" ಎಂದು ಅಜ್ಜಿ ಕೂಗಿದಳು. "ನಿಧಾನಕ್ಕೆ ಓದ್ಕೊಂಡು ಬಾ. ಇವನು ಬೆನ್ನು ಉಜ್ಜೋದು ಕಲಿಯೋಕೆ ವರ್ಷಗಟ್ಲೆ ಬೇಕು."

ಅವನು ಮಗ್ಗಿನಲ್ಲಿ ನೀರು ತುಂಬಿ, ಬಿಸಿ ಹದವಾಗಿದೆಯೇ ಎಂದು ಕೈ ಅದ್ದಿ ನೋಡಿ, ತಾಯಿಯ ಬೆನ್ನಿಗೆ ಮೆಲ್ಲಗೆ ಹೊಯ್ದ.